54 ಕೆ.ಜಿ. ವಿಭಾಗದಲ್ಲಿ ರಾಜ್ಯ ಚಿನ್ನ ಗೆದ್ದಿದ್ದೇನೆ. ಟೇಕ್ವಾಂಡೋಗಾಗಿ ಓದು ಬಿಟ್ಟು ಬೆಂಗಳೂರಿಗೆ ಹೋಗಲೇ?

ಬೆಂಗಳೂರಿನ ಮಾತು ಆಮೇಲೆ, ತಮ್ಮಾ. ಪ್ರಶ್ನೆಯ ಕೊನೆಯಲ್ಲಿ ‘ಬೀದರಿನವನು, ವಯಸ್ಸು ಹದಿನೆಂಟು, ಸಾಮಾನ್ಯವಾಗಿ 60 ಕೆ.ಜಿ. ಇರುತ್ತೇನೆ, ಸ್ಪರ್ಧೆ ಬಂದಾಗ ಇಳಿಸಿಕೊಳ್ಳುತ್ತೇನೆ’ ಎಂದು ಬರೆದಿದ್ದೀಯಲ್ಲ, ನನ್ನ ಕಣ್ಣು ಅಲ್ಲೇ ನಿಂತಿತು.

ನಾನು ಕಲಬುರಗಿಯವನು. 54ರಲ್ಲಿ ನನ್ನನ್ನು ಮಣಿಸುವವರು ರಾಜ್ಯದಲ್ಲಿ ಇಲ್ಲ ಎನ್ನುವ ಕಾಲವೊಂದಿತ್ತು. ಅದು ನನ್ನ ಕಸುಬುದಾರಿಕೆಯಲ್ಲ, ಕಾಲಿನ ಉದ್ದ. ಎತ್ತರದ ಹುಡುಗನೊಬ್ಬ ಆರು ಕೆ.ಜಿ. ಕಳೆದುಕೊಂಡು ಕೆಳಗಿನ ವಿಭಾಗದಲ್ಲಿ ನಿಂತರೆ ಎದುರಾಳಿಯ ಕಾಲು ಅವನ ಚೆಸ್ಟ್ ಗಾರ್ಡ್ ಮುಟ್ಟುವುದೇ ಕಷ್ಟ. ಮುಂಗಾಲೆತ್ತಿ ಕಟ್ ಕಿಕ್ (ಎದುರಾಳಿ ಹತ್ತಿರ ಬಾರದಂತೆ ತಡೆಯುವ ಒದೆತ) ಹಿಡಿದು ನಿಂತರೆ ಅರ್ಧ ಪಂದ್ಯ ಗೆದ್ದಂತೆ. ತರಬೇತುದಾರರಿಗೂ ಪದಕ ಬೇಕಿತ್ತು, ನನಗೂ ಬೇಕಿತ್ತು.

ಅದಕ್ಕಾಗಿ ಏಪ್ರಿಲ್ ಬಿಸಿಲಿನಲ್ಲಿ ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ ಸ್ವೆಟರ್ ಮೇಲೆ ರೇನ್‌ಕೋಟ್ ಹಾಕಿಕೊಂಡು ಓಡುತ್ತಿದ್ದೆ. ನಮ್ಮೂರಿನ ಏಪ್ರಿಲ್ ಹೇಗಿರುತ್ತದೆಂದು ನಿನಗೆ ಹೇಳಬೇಕಿಲ್ಲ. ತೂಕ ನೋಡುವ ಹಿಂದಿನ ದಿನ ನೀರು ಬಂದ್. ಬಾಯಲ್ಲಿ ಚ್ಯೂಯಿಂಗ್ ಗಮ್, ಕೈಯಲ್ಲಿ ಉಗುಳುವುದಕ್ಕೊಂದು ಬಾಟಲಿ. ಅವ್ವ ಬಡಿದ ಬಿಸಿ ರೊಟ್ಟಿ, ಎಣ್ಣೆಗಾಯಿ ಎಲ್ಲ ತಂಗಿಯ ತಟ್ಟೆಗೆ. ಯಂತ್ರ 53.9 ತೋರಿಸಿದರೆ ಪದಕ ಅಲ್ಲೇ ಕೊರಳಿಗೆ ಬಿದ್ದಷ್ಟು ಖುಷಿ.

ಇಷ್ಟೇ ಆಗಿದ್ದರೆ ಆರೋಗ್ಯದ ಉಪದೇಶ ಮಾಡಿ ಮುಗಿಸುತ್ತಿದ್ದೆ. ಆದರೆ ಒಲಿಂಪಿಕ್ಸ್‌ನಲ್ಲಿ 54 ಎಂಬ ವಿಭಾಗವೇ ಇಲ್ಲ. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಪುರುಷರಿಗೆ ಎಂಟು ವಿಭಾಗಗಳಿವೆ. ಒಲಿಂಪಿಕ್ಸ್‌ನಲ್ಲಿ ನಾಲ್ಕೇ: 58, 68, 80, ಮತ್ತು 80ಕ್ಕೂ ಮೇಲಿನವರದು. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ‘ಈ ವರ್ಷದ ಪದಕ ಆಗಲಿ, ಆಮೇಲೆ 58’ ಎಂದು ಮುಂದೂಡುತ್ತಲೇ ಹೋದೆ. ತೊಡೆಗೆ ಬಲ ತುಂಬಬೇಕಾದ ವರ್ಷಗಳೆಲ್ಲ ಹಸಿವಿನಲ್ಲೇ ಕಳೆದವು. ಕೊನೆಗೊಮ್ಮೆ 58ಕ್ಕೆ ಹೋದರೆ ಅಲ್ಲಿದ್ದವರೆಲ್ಲ ನನ್ನಷ್ಟೇ ಎತ್ತರ. ಉದ್ದದ ಕಾಲನ್ನೇ ನಂಬಿ ಬೆಳೆದವನಿಗೆ ಹತ್ತಿರದ ಆಟ ಬಾರದು. ಅವರು ಮೈಗೆ ಅಂಟಿಕೊಂಡು ನಿಂತು ಅಲ್ಲಿಂದಲೇ ತಲೆಗೆ ಒದೆಯುತ್ತಿದ್ದರು. ಆಗ ಎದೆಗೆ ಒದ್ದರೆ ಎರಡು ಅಂಕ, ತಲೆಗೆ ಮೂರು, ತಿರುಗಿ ತಲೆಗೆ ಒದ್ದರೆ ಐದು. ನಾನು ಎರಡೆರಡು ಕೂಡಿಸುವಷ್ಟರಲ್ಲಿ ಪಂದ್ಯವೇ ಮುಗಿದಿರುತ್ತಿತ್ತು.

ನಿನ್ನ ಕಾಲದಲ್ಲಿ ಇದು ಇನ್ನೂ ತುಟ್ಟಿ. ಮೊದಲು ಮೂರು ಸುತ್ತಿನ ಅಂಕಗಳನ್ನು ಕೂಡಿಸುತ್ತಿದ್ದರು. ಆರಂಭದಲ್ಲಿ ಮುನ್ನಡೆ ಗಳಿಸಿ ಆಮೇಲೆ ಹೇಗೋ ಕಾಲ ತಳ್ಳಬಹುದಿತ್ತು. 2022ರಿಂದ ಮೂರರಲ್ಲಿ ಎರಡು ಸುತ್ತು ಗೆಲ್ಲಬೇಕು. ನೀರು ಬಿಟ್ಟ ಮೈ ಮೊದಲ ಸುತ್ತನ್ನು ಹೇಗೋ ಗೆಲ್ಲಿಸೀತು, ಎರಡನೆಯದಕ್ಕೆ ಕಾಲೇ ಏಳುವುದಿಲ್ಲ.

ಇರಾನಿನ ಟೇಕ್ವಾಂಡೋ ಪಟು ಹಾದಿ ಸಯೀ 2000ರ ಸಿಡ್ನಿ ಒಲಿಂಪಿಕ್ಸ್‌ನಲ್ಲಿ 68ರಲ್ಲಿ ಕಂಚು, 2004ರ ಅಥೆನ್ಸ್‌ನಲ್ಲಿ ಅದೇ ವಿಭಾಗದಲ್ಲಿ ಚಿನ್ನ ಗೆದ್ದವರು. 2008ರ ಬೀಜಿಂಗ್‌ಗೆ ಬರುವಾಗ 80ಕ್ಕೆ ಏರಿ ಮತ್ತೆ ಚಿನ್ನ ಗೆದ್ದರು. ನಮ್ಮಲ್ಲಿ ಎಲ್ಲರೂ ಕೆಳಗೆ ಇಳಿಯುವುದನ್ನೇ ಜಾಣತನ ಎಂದುಕೊಂಡಿದ್ದಾರೆ.

ಓದೋ ಆಟವೋ ಎಂದು ನೀನು ಕೇಳಿದ್ದೇ ತಪ್ಪು. ಕಾಲೇಜು ಬಿಟ್ಟರೆ ಅಂತರ ವಿಶ್ವವಿದ್ಯಾಲಯ ಕೂಟಕ್ಕೆ ಯಾವ ಹೆಸರಿನಲ್ಲಿ ಹೋಗುತ್ತೀಯ? ಪ್ರವೇಶ ಶುಲ್ಕ ಕಟ್ಟುವ ಮೊದಲು ಕೂಟ ನಡೆಸುವ ಸಂಸ್ಥೆಗೆ ಮಾನ್ಯತೆ ಇದೆಯೇ ಎಂದೂ ವಿಚಾರಿಸು; ಮಾನ್ಯತೆ ಇಲ್ಲದ ಪ್ರಮಾಣಪತ್ರ ನೌಕರಿಯ ಕ್ರೀಡಾ ಮೀಸಲಾತಿಗೆ ಬಾರದು.

ಪದವಿಗೆ ಬೀದರಿನಲ್ಲೇ ಸೇರು, ಹೊಟ್ಟೆ ತುಂಬ ಉಣ್ಣು, 58ರಲ್ಲಿ ಆಡು. ಈ ವರ್ಷ ಸೋಲುತ್ತೀಯ, ಸೋಲು. ರಜೆಯಲ್ಲಿ ಬೆಂಗಳೂರಿಗೆ ಹೋದಾಗ, ಅಭ್ಯಾಸಕ್ಕೆ ಎಲೆಕ್ಟ್ರಾನಿಕ್ ಚೆಸ್ಟ್ ಗಾರ್ಡ್ (ಬಿದ್ದ ಒದೆತವನ್ನು ತಾನೇ ದಾಖಲಿಸುವಂಥದ್ದು) ಇರುವ ಕಡೆ ಮಾತ್ರ ಹಣ ಕಟ್ಟು. ಅಲ್ಲಿಯೂ ಯಾರಾದರೂ ‘54ಕ್ಕೆ ಇಳಿದು ಬಾ, ಪದಕ ಗ್ಯಾರಂಟಿ’ ಎಂದರೆ ಅದೇ ರಾತ್ರಿಯ ಬಸ್ ಹಿಡಿದು ವಾಪಸ್ ಬಾ.