ಮನೆಯೊಳಗೇ ನಿಧಿ ಹುಡುಕಾಟ: ಅಣ್ಣ–ತಂಗಿ ಸೇರಿ ಆಡುವುದು ಹೇಗೆ?

ಪ್ರಶ್ನೆ: ಮಗನಿಗೆ 8 ವರ್ಷ, ಮಗಳಿಗೆ 4. ರಜೆಯಲ್ಲಿ ಮೊಬೈಲ್ ಬಿಡಿಸೋಣ ಅಂತ ಮನೆಯೊಳಗೇ ಟ್ರೆಷರ್ ಹಂಟ್ ಆಡಿಸಿದೆ. ಹತ್ತು ಆಟಿಕೆ ಬಚ್ಚಿಟ್ಟು ಹುಡುಕಿ ಎಂದೆ. ಮಗ ಐದೇ ನಿಮಿಷದಲ್ಲಿ ಎಲ್ಲಾ ಬಾಚಿಕೊಂಡು ಬಂದ. ಮಗಳು ಅಳುತ್ತಾ ಕೂತಳು. ಮನೆಯಂತೂ ಚೆಲ್ಲಾಪಿಲ್ಲಿ. ಇಬ್ಬರೂ ಖುಷಿಯಾಗಿ ಆಡೋ ಹಾಗೆ ಮಾಡೋದು ಹೇಗೆ?

ಉತ್ತರ: ಹತ್ತು ವಸ್ತು ಒಟ್ಟಿಗೆ ಬಚ್ಚಿಟ್ಟು ಬಿಟ್ಟರೆ ಅದು ಓಟದ ಪಂದ್ಯವೇ ಆಗುತ್ತದೆ. ಎಂಟು ವರ್ಷದವನೇ ಗೆಲ್ಲುತ್ತಾನೆ, ಇನ್ನೇನಾಗುತ್ತೆ? ಅದರ ಬದಲು ಸುಳಿವಿನ ಚೀಟಿಗಳನ್ನು ಒಂದಕ್ಕೊಂದು ಪೋಣಿಸಿ. ಒಂದು ಚೀಟಿ ಬಿಡಿಸಿದರೆ ಮಾತ್ರ ಮುಂದಿನದು ಎಲ್ಲಿದೆ ಅಂತ ಗೊತ್ತಾಗಬೇಕು.

ಚೀಟಿಗಳನ್ನು ಕೊನೆಯಿಂದ ಬರೆಯುತ್ತಾ ಬನ್ನಿ. ನಿಧಿ ಬಟ್ಟೆ ಬುಟ್ಟಿಯಲ್ಲಿದೆ ಅಂದುಕೊಳ್ಳಿ. ಬುಟ್ಟಿಯ ಸುಳಿವು ಕೊಡುವ ಚೀಟಿಯನ್ನು ಕೊಡೆಯೊಳಗೆ ಸಿಕ್ಕಿಸಿ. ಕೊಡೆಯ ಸುಳಿವು ಗಡಿಯಾರದ ಹಿಂದೆ ಇರಲಿ. ಗಡಿಯಾರದ ಸುಳಿವನ್ನು ಮಕ್ಕಳ ಕೈಗೇ ಕೊಟ್ಟು ಆಟ ಶುರು ಮಾಡಿ. ಗಡಿಬಿಡಿಯಲ್ಲಿ ಕೊಡೆಯ ಸುಳಿವನ್ನು ಕೊಡೆಯಲ್ಲೇ ಇಡುವವರು ಜಾಸ್ತಿ. ಆಮೇಲೆ ಅದು ಯಾರಿಗೂ ಸಿಗಲ್ಲ. ಹಾಗಾಗಿ ಪ್ರತಿ ಚೀಟಿಯ ಹಿಂದೆ ನಂಬರ್ ಹಾಕಿ, ಯಾವುದು ಎಲ್ಲಿದೆ ಎಂಬ ಪಟ್ಟಿ ನಿಮ್ಮ ಜೇಬಿನಲ್ಲಿರಲಿ.

ಮಗನಿಗೆ ಒಗಟು ಬರೆಯಿರಿ. "ಮುಳ್ಳಿದೆ, ಚುಚ್ಚಲ್ಲ; ಹಗಲು ರಾತ್ರಿ ಓಡುತ್ತೆ, ಮನೆ ಬಿಟ್ಟು ಹೋಗಲ್ಲ" ಅಂದರೆ ಗಡಿಯಾರ. "ಮಳೆ ಬಂದರೆ ಅರಳುತ್ತೆ, ನಿಂತರೆ ಮುದುಡುತ್ತೆ" ಅಂದರೆ ಕೊಡೆ. ಪ್ರಾಸ ಇಲ್ಲದಿದ್ದರೂ ನಡೆಯುತ್ತೆ, ಆದರೆ ಉತ್ತರ ಒಂದೇ ಇರಬೇಕು. "ನಾಲ್ಕು ಕಾಲಿದೆ, ನಡೆಯಲ್ಲ" ಎಂದು ಬರೆದರೆ ಕುರ್ಚಿ, ಮೇಜು, ಮಂಚ ಎಲ್ಲದರ ಅಡಿಯಲ್ಲೂ ತೂರಿ ಬರುತ್ತಾನೆ. ಒಗಟು ಸುಲಭ ಅನಿಸಿದರೆ ಅಕ್ಷರಗಳನ್ನು ತಿರುವಿ ಬರೆಯಿರಿ. ದಿಂಬು ಎಂಬುದು "ಬುದಿಂ" ಆಗುತ್ತದೆ. ಕಿಟಕಿಯನ್ನು ಮಾತ್ರ ಹೀಗೆ ಬರೆಯಲು ಹೋಗಬೇಡಿ, ತಿರುವಿದರೂ ಅದು ಕಿಟಕಿಯೇ!

ಗುಪ್ತ ಬರಹ ಬೇಕಾ? ಬಿಳಿ ಹಾಳೆಯ ಮೇಲೆ ಬಿಳಿ ಮೇಣದಬತ್ತಿಯಿಂದ ಒತ್ತಿ ಬರೆಯಿರಿ. ಮೇಲೆ ತೆಳುವಾದ ವಾಟರ್ ಕಲರ್ ಬಳಿದರೆ ಮೇಣ ಇದ್ದಲ್ಲಿ ಬಣ್ಣ ಹಿಡಿಯಲ್ಲ, ಅಕ್ಷರ ಎದ್ದು ಕಾಣುತ್ತದೆ. ನಿಂಬೆರಸದಲ್ಲಿ ಬರೆದು ಒಣಗಿಸಿ, ಬಿಸಿ ಇಸ್ತ್ರಿಪೆಟ್ಟಿಗೆ ಒತ್ತಿದರೂ ಬರಹ ಕಂದು ಬಣ್ಣದಲ್ಲಿ ಮೂಡುತ್ತದೆ. ಇಸ್ತ್ರಿಪೆಟ್ಟಿಗೆ ಮಾತ್ರ ದೊಡ್ಡವರ ಕೈಯಲ್ಲೇ ಇರಲಿ. ಇಬ್ಬರು ಮಕ್ಕಳಿರುವ ಮನೆಗೆ ಮೇಣವೇ ವಾಸಿ. ಬಣ್ಣ ಬಳಿಯುವ ಕೆಲಸ ತಂಗಿಗೆ, ಓದುವುದು ಅಣ್ಣನಿಗೆ.

ಮಗಳಿಗೆ ಓದು ಬರಲ್ಲ ಅಲ್ವಾ, ಅವಳ ಚೀಟಿಯಲ್ಲಿ ಚಿತ್ರ ಇರಲಿ. ಮನೆಯ ವಸ್ತುಗಳನ್ನು ತೀರಾ ಹತ್ತಿರದಿಂದ ಫೋಟೊ ತೆಗೆದು ತೋರಿಸಿ. ಚಪ್ಪಲಿಯ ಪಟ್ಟಿ, ಬಕೆಟ್ಟಿನ ಹಿಡಿ, ಸೋಫಾ ಬಟ್ಟೆಯ ಒಂದು ಹೂವು ಸಾಕು. ಇದು ಯಾವುದರ ತುಂಡು ಅಂತ ಅವಳು ಮನೆಯೆಲ್ಲಾ ಕಣ್ಣಾಡಿಸುವುದನ್ನು ನೋಡುವುದೇ ಚೆಂದ. ಅವಳ ಚೀಟಿಗಳು ಅವಳ ಕಣ್ಣಿನ ಎತ್ತರದಲ್ಲೇ ಇರಲಿ.

ಇನ್ನು ಜಗಳದ ವಿಷಯ. ಅಣ್ಣನಿಗೆ ನೀಲಿ ಚೀಟಿ, ತಂಗಿಗೆ ಕೆಂಪು. ಒಬ್ಬರ ಬಣ್ಣವನ್ನು ಇನ್ನೊಬ್ಬರು ಮುಟ್ಟುವ ಹಾಗಿಲ್ಲ, ಕಂಡರೂ ಸುಮ್ನೆ ಇರಬೇಕು. ಮಗಳಿಗೆ ಐದಾರು ಚೀಟಿ ಸಾಕು, ಮಗನಿಗೆ ಎಂಟೋ ಹತ್ತೋ ಇರಲಿ. ನಿಧಿ ಇರುವ ಜಾಗದ ಚಿತ್ರವನ್ನು ಎರಡು ತುಂಡು ಮಾಡಿ, ಒಂದೊಂದು ತುಂಡನ್ನು ಇಬ್ಬರ ಕೊನೆಯ ಜಾಗದಲ್ಲಿಡಿ. ಎರಡೂ ಸೇರಿಸಿದರೆ ಮಾತ್ರ ಜಾಗ ಗೊತ್ತಾಗುತ್ತೆ. ಆಗ ಮೊದಲು ಮುಗಿಸಿದ ಅಣ್ಣ ತಾನಾಗೇ ತಂಗಿಗೆ ಸಹಾಯಕ್ಕೆ ಹೋಗುತ್ತಾನೆ. ಯಾರಾದರೂ ಒಂದೇ ಕಡೆ ಸಿಕ್ಕಿಕೊಂಡರೆ ಉತ್ತರ ಹೇಳಬೇಡಿ. ಹತ್ತಿರ ಹೋದಾಗ ಜೋರಾಗಿ, ದೂರ ಹೋದಾಗ ಮೆಲ್ಲಗೆ ಚಪ್ಪಾಳೆ ತಟ್ಟಿ.

ಆಟಕ್ಕೆ ಮುಂಚೆ ಇಬ್ಬರನ್ನೂ ಕರೆದುಕೊಂಡು ಮನೆಯೆಲ್ಲಾ ಸುತ್ತಿ, ಎಲ್ಲೆಲ್ಲಿ ಚೀಟಿ ಇರುವುದೇ ಇಲ್ಲ ಅಂತ ತೋರಿಸಿ. ಒಲೆಯ ಹತ್ತಿರ, ಔಷಧಿ ಡಬ್ಬಿ, ಪ್ಲಗ್ ಪಾಯಿಂಟ್, ವಾಷಿಂಗ್ ಮೆಷಿನ್ ಒಳಗೆ, ಬಾಲ್ಕನಿ, ಹತ್ತಬೇಕಾದ ಕಪಾಟು. ಡ್ರಾಯರ್‌ಗಳನ್ನು ಮೆಟ್ಟಿಲಾಗಿ ಹತ್ತಲು ಹೋದರೆ ಕಪಾಟೇ ಮೈಮೇಲೆ ಬೀಳಬಹುದು. ಇಂಥ ಜಾಗಗಳಿಗೆ ಕೆಂಪು ಟೇಪು ಅಂಟಿಸಿ. ಉಳಿದ ಕಡೆ ಹೇಗೆ ಕಿತ್ತರೂ ಬೈಯಬೇಡಿ.

ಪ್ರಶ್ನೆ: ನಿಧಿ ಅಂತ ಏನಿಡಬೇಕು? ನಮ್ಮ ಮನೆಯಲ್ಲಿ ಒಂದೂವರೆ ವರ್ಷದ ಮಗುವೂ ಇದೆ.

ಉತ್ತರ: ದುಬಾರಿ ಆಟಿಕೆ ಬೇಡ, ಮುಂದಿನ ಸಲ ಅದಕ್ಕಿಂತ ದೊಡ್ಡದು ಕೇಳುತ್ತಾರೆ. ಬಣ್ಣದ ಪೆನ್ಸಿಲ್, ಎಲ್ಲರೂ ಆಡುವ ಬೋರ್ಡ್ ಆಟ, ಅಥವಾ "ಇವತ್ತು ಅರ್ಧ ಗಂಟೆ ತಡವಾಗಿ ಮಲಗಬಹುದು" ಎಂಬ ಚೀಟಿ ಸಾಕು. ಮಗು ಇರುವಾಗ ಗೋಲಿ, ನಾಣ್ಯ, ಮಣಿ, ಬಲೂನು ಯಾವುದೂ ಬೇಡ, ಗಂಟಲಿಗೆ ಸಿಕ್ಕಿಕೊಳ್ಳುತ್ತವೆ. ಟಾಯ್ಲೆಟ್ ಪೇಪರ್ ಸುತ್ತುವ ರಟ್ಟಿನ ಕೊಳವೆಯೊಳಗೆ ತೂರುವಷ್ಟು ಚಿಕ್ಕ ವಸ್ತು ಆಟದಲ್ಲಿ ಇರಲೇಬಾರದು. ಬಟನ್ ಸೆಲ್ ಹಾಕಿದ ಆಟಿಕೆ, ಚಿಕ್ಕ ಅಯಸ್ಕಾಂತ ಇವು ನುಂಗಿದರೆ ಹೊಟ್ಟೆಯೊಳಗೇ ಗಾಯ ಮಾಡುತ್ತವೆ, ಅವನ್ನು ದೂರವಿಡಿ. ಆಟ ಮುಗಿದ ಮೇಲೆ ಪಟ್ಟಿ ಹಿಡಿದು ಚೀಟಿಗಳನ್ನೆಲ್ಲಾ ಲೆಕ್ಕ ಹಾಕಿ ಎತ್ತಿಡಿ. ಒಂದು ಉಳಿದರೂ ಅದು ಪುಟ್ಟ ಮಗುವಿನ ಬಾಯಿಗೇ ಹೋಗುತ್ತೆ.