2008ರ ಬೊಲೆರೊಗೆ ಯಾವ ಎಂಜಿನ್ ಆಯಿಲ್, ಯಾವ ಬ್ರೇಕ್ ಆಯಿಲ್, ಯಾವ ಕೂಲೆಂಟ್?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ಸಕಲೇಶಪುರದ ಸಮೀಪದ ತೋಟದಲ್ಲಿ 2008ರ ಮಹೀಂದ್ರ ಬೊಲೆರೊ ಇದೆ, ಟರ್ಬೊ ಡೀಸೆಲ್, ಎರಡು ಲಕ್ಷ ಕಿಲೋಮೀಟರ್ ದಾಟಿದೆ, ಆಗಾಗ ಶಿರಾಡಿ ಘಾಟಿ ಇಳಿದು ಹತ್ತುತ್ತದೆ. ಗ್ಯಾರೇಜಿನವರು 20ಡಬ್ಲ್ಯೂ-50 ಹಾಕಿಸಿ ಎನ್ನುತ್ತಾರೆ, ಅಂಗಡಿಯವರು 5ಡಬ್ಲ್ಯೂ-30 ಸಿಂಥೆಟಿಕ್ ತೋರಿಸುತ್ತಾರೆ, ಉಳಿದ ಆಯಿಲ್‌ಗಳನ್ನು ಯಾವಾಗ ಬದಲಿಸಿದ್ದೆಂದು ನಿಮಗೆ ನೆನಪಿಲ್ಲ. ಹಾಸನದಲ್ಲಿ ಇದೇ ಕಾಲದ ಡೀಸೆಲ್ ಗಾಡಿಗಳನ್ನು ಬಹುಕಾಲದಿಂದ ನೋಡಿಕೊಂಡು ಬಂದಿರುವ ನನ್ನ ಅಭಿಪ್ರಾಯದಲ್ಲಿ, ಎಂಜಿನ್‌ಗೆ 15ಡಬ್ಲ್ಯೂ-40 ದರ್ಜೆಯ, ಎಪಿಐ ಸಿಐ-4 ಪ್ಲಸ್ ಅಥವಾ ಸಿಕೆ-4 ವರ್ಗದ ಸಾಮಾನ್ಯ ಡೀಸೆಲ್ ಆಯಿಲ್ ಸಾಕು (ಈ ಅಂಕಿ, ಅಕ್ಷರಗಳ ಅರ್ಥ ಮುಂದೆ ಹೇಳುತ್ತೇನೆ). ಸಿಂಥೆಟಿಕ್‌ಗೆ ಕೊಡಲಿದ್ದ ಹೆಚ್ಚುವರಿ ಹಣವನ್ನು ಬ್ರೇಕ್ ಆಯಿಲ್, ಡಿಫರೆನ್ಷಿಯಲ್ (ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ) ಆಯಿಲ್ ಮತ್ತು ಕೂಲೆಂಟ್‌ಗೆ ಹಾಕಿ. ನಿಮ್ಮ ಗಾಡಿಯಲ್ಲಿ ನನಗೆ ಆತಂಕ ಹುಟ್ಟಿಸುವುದು ಆ ಮೂರೇ ಹೊರತು ಎಂಜಿನ್ ಅಲ್ಲ.

ಡಬ್ಬಿಯ ಮುಂಭಾಗದಲ್ಲಿ ದೊಡ್ಡದಾಗಿ ಮುದ್ರಿಸಿರುವ ಸಂಖ್ಯೆ ಆಯಿಲ್ ಎಷ್ಟು ಗಟ್ಟಿ ಎಂಬುದನ್ನಷ್ಟೇ ಹೇಳುತ್ತದೆ. ಡಬ್ಲ್ಯೂ ಜೊತೆಗಿನ ಅಂಕಿ ಚಳಿಯಲ್ಲಿ ಅದು ಹೇಗೆ ಹರಿಯುತ್ತದೆಂಬುದನ್ನು, ಎರಡನೆಯ ಅಂಕಿ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಷ್ಟು ಸ್ನಿಗ್ಧತೆ ಉಳಿಸಿಕೊಳ್ಳುತ್ತದೆಂಬುದನ್ನು ಸೂಚಿಸುತ್ತವೆ. 15ಡಬ್ಲ್ಯೂ ಆಯಿಲ್ ಅನ್ನು ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಚಳಿಯಲ್ಲಿ ಪರೀಕ್ಷಿಸಿರುತ್ತಾರೆ. ಸಕಲೇಶಪುರದ ಡಿಸೆಂಬರ್ ಬೆಳಗು ಎಷ್ಟೇ ಚಳಿಯದಾದರೂ ಆ ಮಟ್ಟದ ಹತ್ತಿರಕ್ಕೂ ಬಾರದಿರುವುದರಿಂದ, 5ಡಬ್ಲ್ಯೂ ಎಂಬ ಗುಣಕ್ಕೆ ಹೆಚ್ಚು ಹಣ ಕೊಡಲು ನಿಮಗೆ ಕಾರಣವೇ ಇಲ್ಲ. ಬಿಸಿಯಾದಾಗಿನ 30 ಎಂಬ ತೆಳುವಿನ ವಿಷಯವೂ ಅಷ್ಟೇ. ಆ ಡಬ್ಬಿಗಳಲ್ಲಿ ಬಹಳಷ್ಟು, ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುವ ಹೊಸ ಎಂಜಿನ್‌ಗಳಿಗಾಗಿ ಬೂದಿಯ ಅಂಶ ತಗ್ಗಿಸಿ ತಯಾರಿಸಿದವು. ನಿಮ್ಮ ಗಾಡಿಯಲ್ಲಿ ಅಂಥ ಫಿಲ್ಟರ್ ಇಲ್ಲ, ಮತ್ತು ಸವೆದ ಪಿಸ್ಟನ್ ರಿಂಗ್‌ಗಳ ಸಂದಿಯಲ್ಲಿ ತೆಳುವಾದ ಆಯಿಲ್ ಸ್ವಲ್ಪ ಹೆಚ್ಚೇ ಖರ್ಚಾಗುತ್ತದೆ.

ಇನ್ನು ಗ್ಯಾರೇಜಿನವರ ಮಾತು. ಹಳೆಯ ಎಂಜಿನ್‌ಗೆ ಗಟ್ಟಿ ಆಯಿಲ್ ಎಂಬುದು ನಮ್ಮ ಕಡೆ ಬಹಳ ಬೇರೂರಿರುವ ನಂಬಿಕೆ, ಅದರಲ್ಲಿ ಸ್ವಲ್ಪ ಸತ್ಯವೂ ಇದೆ. 40ರ ದರ್ಜೆಯ ಆಯಿಲ್‌ನ ಸ್ನಿಗ್ಧತೆ 100 ಡಿಗ್ರಿಯಲ್ಲಿ 12.5ರಿಂದ 16.3 ಸೆಂಟಿಸ್ಟೋಕ್ (ಸ್ನಿಗ್ಧತೆಯ ಅಳತೆ) ‌ವರೆಗೆ, 50ರದ್ದು 16.3ರಿಂದ 21.9ರವರೆಗೆ ಇರುವುದರಿಂದ ಸವೆದ ಬೇರಿಂಗ್‌ನಲ್ಲಿ ಒತ್ತಡ ತುಸು ಹೆಚ್ಚು ಕಾಣಿಸುತ್ತದೆ, ಸದ್ದು ಕಡಿಮೆಯಾದಂತೆ ಅನ್ನಿಸುತ್ತದೆ. ಆದರೆ ಅಂಗಡಿಗಳಲ್ಲಿ ಸುಲಭವಾಗಿ ಸಿಗುವ 20ಡಬ್ಲ್ಯೂ-50 ಡಬ್ಬಿಗಳಲ್ಲಿ ಬಹಳಷ್ಟು ಪೆಟ್ರೋಲ್ ಕಾರಿಗೋ ಬೈಕಿಗೋ ಮಾಡಿದವು. ಡೀಸೆಲ್ ಎಂಜಿನ್‌ನ ಮಸಿಯನ್ನು ಕಣಕಣವಾಗಿ ತೇಲಿಸಿ ಇಟ್ಟುಕೊಳ್ಳುವ ಸಾಮರ್ಥ್ಯ ಅವುಗಳಲ್ಲಿ ಕಡಿಮೆ, ಮತ್ತು ಹೀಗೆ ತೇಲದೆ ಉಳಿದ ಮಸಿಯೇ ಒಂದುಗೂಡಿ ಕ್ಯಾಮ್, ರಾಕರ್, ಟರ್ಬೊ ಬೇರಿಂಗ್‌ಗಳನ್ನು ಉಜ್ಜಿ ಸವೆಸುತ್ತದೆ.

ಆದ್ದರಿಂದ ಡಬ್ಬಿಯನ್ನು ತಿರುಗಿಸಿ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿ. ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್‌ನ ವರ್ಗೀಕರಣವನ್ನೇ ಎಪಿಐ ಎನ್ನುತ್ತಾರೆ. ಎಸ್ ಅಕ್ಷರದಿಂದ ಆರಂಭವಾಗುವ ವರ್ಗಗಳು ಪೆಟ್ರೋಲ್‌ಗೆ, ಸಿ ಅಕ್ಷರದವು ಡೀಸೆಲ್‌ಗೆ. ಸಿಐ-4 ಬಂದದ್ದು 2002ರಲ್ಲಿ, ಸಿಕೆ-4 ಬಂದದ್ದು 2016ರ ಕೊನೆಯಲ್ಲಿ. ಹಳೆಯ ಎಂಜಿನ್‌ಗಳಿಗೂ ಒಗ್ಗುವಂತೆಯೇ ಸಿಕೆ-4 ಅನ್ನು ರೂಪಿಸಲಾಗಿದೆ. ಅದರ ಜೊತೆಗೇ ಬಂದ ಎಫ್‌ಎ-4 ಮಾತ್ರ ಬೇರೆ ಜಾತಿಯದು, ಅದನ್ನು ನಿಮ್ಮ ಗಾಡಿಗೆ ಹಾಕಬಾರದು. ಹಳೆಯ ಡೀಸೆಲ್‌ಗೆ ಆಮ್ಲವನ್ನು ತಟಸ್ಥಗೊಳಿಸುವ ಶಕ್ತಿ ಹೆಚ್ಚಿರುವ ಆಯಿಲ್ ಬೇಕೇ ಬೇಕು ಎಂದು ಕೆಲವರು ಸಿಕೆ-4 ಅನ್ನು ಬೇಡವೆನ್ನುತ್ತಾರೆ. ಅದು ಹಳೆಯ ಇಂಧನದ ಕಾಲದ ಮಾತು. ನಿಮ್ಮ ಗಾಡಿ ಹೊಸದಾಗಿದ್ದಾಗ ದೊಡ್ಡ ನಗರಗಳ ಹೊರಗೆ ಸಿಗುತ್ತಿದ್ದ ಭಾರತ್ ಸ್ಟೇಜ್ 2 ಡೀಸೆಲ್‌ನಲ್ಲಿ ಗಂಧಕದ ಮಿತಿ 500 ಪಿಪಿಎಂ (ಹತ್ತು ಲಕ್ಷದಲ್ಲಿ 500 ಭಾಗ) ಇತ್ತು. 2020ರ ಏಪ್ರಿಲ್‌ನಿಂದ ದೇಶದ ಎಲ್ಲ ಬಂಕ್‌ಗಳಲ್ಲೂ ಸಿಗುತ್ತಿರುವ ಸ್ಟೇಜ್ 6 ಡೀಸೆಲ್‌ನಲ್ಲಿ ಆ ಮಿತಿ 10 ಪಿಪಿಎಂ. ಗಂಧಕವೇ ಇಷ್ಟು ಇಳಿದ ಮೇಲೆ ಆಮ್ಲದ ಭಯವೂ ಅಷ್ಟೇ ಇಳಿದಿದೆ.

ಬ್ರ್ಯಾಂಡ್ ಬಗ್ಗೆ ನೀವು ಕೇಳಿದ್ದೀರಿ. ಸರ್ವೋ, ಮ್ಯಾಕ್, ಎಚ್‌ಪಿ, ಕ್ಯಾಸ್ಟ್ರಾಲ್, ಶೆಲ್, ಗಲ್ಫ್, ಯಾವುದಾದರೂ ಆಗಬಹುದು, ಮೇಲಿನ ವರ್ಗ ಮುದ್ರಿತವಾಗಿದ್ದರೆ ಸಾಕು. ನಕಲಿ ಆಯಿಲ್‌ನ ಕಾಟ ಇರುವುದರಿಂದ ಬಂಕ್‌ನಲ್ಲೋ ಅಧಿಕೃತ ಮಾರಾಟಗಾರರಲ್ಲೋ ಕೊಂಡು, ಮುಚ್ಚಳದ ಸೀಲ್ ಅನ್ನು ನಿಮ್ಮ ಎದುರಿಗೇ ಒಡೆಸಿ, ಖಾಲಿ ಡಬ್ಬಿಗೆ ತೂತು ಹೊಡೆದು ಬಿಡಿ. ತೂತು ಹೊಡೆಯದೆ ಬಿಟ್ಟುಬಂದ ಡಬ್ಬಿಗಳೇ ಮತ್ತೆ ತುಂಬಿ ಮಾರಾಟಕ್ಕೆ ಬರುತ್ತವೆ. ಕೈಪಿಡಿಯ ಅಂತರ ಎಷ್ಟೇ ಇರಲಿ, ತೋಟದ ಧೂಳು ಮತ್ತು ಫಸ್ಟ್ ಗೇರಿನ ಓಡಾಟ ಹೆಚ್ಚಿರುವ ಗಾಡಿಯಲ್ಲಿ ನಾನು ಅದಕ್ಕಿಂತ ಮೊದಲೇ ಬದಲಿಸುತ್ತೇನೆ, ಓಡಿದ್ದು ಕಡಿಮೆಯಾದರೂ ವರ್ಷಕ್ಕೊಮ್ಮೆ ತಪ್ಪಿಸುವುದಿಲ್ಲ, ಆಯಿಲ್ ಫಿಲ್ಟರ್ ಅನ್ನೂ ಪ್ರತಿ ಬಾರಿ ಹೊಸದಾಗಿ ಹಾಕಿಸುತ್ತೇನೆ. ಹೊಸ ಆಯಿಲ್ ಎರಡೇ ದಿನಕ್ಕೆ ಕಪ್ಪಾಯಿತೆಂದು ಗಾಬರಿಯಾಗಬೇಡಿ. ಅದು ಮಸಿಯನ್ನು ತೊಳೆದು ತನ್ನಲ್ಲಿ ಇಟ್ಟುಕೊಳ್ಳುತ್ತಿದೆ ಎಂದಷ್ಟೇ ಅರ್ಥ.

ಆಯಿಲ್ ನಿಜವಾಗಿಯೂ ಇಳಿಯುತ್ತಿದ್ದರೆ ಗಟ್ಟಿ ಆಯಿಲ್ ಹುಡುಕುವ ಮೊದಲು ಒಂದು ಪರೀಕ್ಷೆ ಮಾಡಿ. ಎಂಜಿನ್ ಬಿಸಿಯಾದ ಮೇಲೆ, ಐಡಲಿಂಗ್‌ನಲ್ಲಿರುವಾಗಲೇ ಆಯಿಲ್ ಹಾಕುವ ಮುಚ್ಚಳವನ್ನು ಎಚ್ಚರದಿಂದ ಸಡಿಲಿಸಿ. ಅಲ್ಲಿಂದ ಹೊಗೆ ರಭಸವಾಗಿ ನುಗ್ಗಿ ಬಂದರೆ ರಿಂಗ್ ಸವೆದಿವೆ, ಕಂಪ್ರೆಷನ್ ಅಳೆಸಬೇಕು. ಸಣ್ಣಗೆ ಆಡಿದರೆ ವಾಲ್ವ್ ಸೀಲ್, ಟರ್ಬೊ ಸೀಲ್ ಮತ್ತು ಹೊರಗಿನ ಸೋರಿಕೆಗಳನ್ನು ನೋಡಿಸಿ. ರಿಂಗ್ ಸವೆದಿದ್ದು, ಎಂಜಿನ್ ಬಿಚ್ಚಿಸಲು ಈಗಲೇ ಸಾಧ್ಯವಿಲ್ಲದಿದ್ದರೆ ಮಾತ್ರ, ಡೀಸೆಲ್ ವರ್ಗ ಸ್ಪಷ್ಟವಾಗಿ ಮುದ್ರಿತವಾಗಿರುವ 20ಡಬ್ಲ್ಯೂ-50 ಅನ್ನು ನಾನು ಒಪ್ಪುತ್ತೇನೆ. ಯಾವ ಆಯಿಲ್ ಇದ್ದರೂ ಘಾಟಿ ಹತ್ತಿ ಬಂದ ತಕ್ಷಣ ಎಂಜಿನ್ ಆರಿಸದೆ ಒಂದೆರಡು ನಿಮಿಷ ಐಡಲಿಂಗ್‌ನಲ್ಲಿ ಬಿಡಿ. ಇಲ್ಲದಿದ್ದರೆ ಕಾದ ಟರ್ಬೊ ಬೇರಿಂಗ್‌ನಲ್ಲಿ ನಿಂತ ಆಯಿಲ್ ಸುಟ್ಟು ಕರಿಯಾಗಿ ಅಂಟಿಕೊಳ್ಳುತ್ತದೆ.

ಬ್ರೇಕ್ ಆಯಿಲ್ ವಿಷಯದಲ್ಲಿ ದಯವಿಟ್ಟು ಮಳೆಗಾಲದವರೆಗೆ ಕಾಯಬೇಡಿ. ಅದು ಗಾಳಿಯ ತೇವವನ್ನು ಹೀರಿಕೊಳ್ಳುವ ದ್ರವ, ಮಲೆನಾಡಿನಲ್ಲಿ ಆ ತೇವಕ್ಕೆ ಕೊರತೆಯಿಲ್ಲ. ಡಾಟ್ ಎಂಬುದು ಬ್ರೇಕ್ ಆಯಿಲ್ ದರ್ಜೆಯ ಹೆಸರು. ಹೊಸ ಡಾಟ್-4 ಆಯಿಲ್ ಕನಿಷ್ಠ 230 ಡಿಗ್ರಿಯವರೆಗೆ ಕುದಿಯದಿದ್ದರೆ, ಸುಮಾರು 3.7 ಶೇಕಡಾ ನೀರು ಸೇರಿದ ಮೇಲೆ ಆ ಭರವಸೆ 155 ಡಿಗ್ರಿಗೆ ಇಳಿಯುತ್ತದೆ; ಡಾಟ್-3 ಆದರೆ 205ರಿಂದ 140ಕ್ಕೆ. ಕಾಫಿ ಮೂಟೆ ಹೇರಿಕೊಂಡು ಶಿರಾಡಿಯ ಇಳಿಜಾರಿನಲ್ಲಿ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಕ್ಯಾಲಿಪರ್ ಬಳಿಯ ದ್ರವ ಕುದಿದು ಆವಿಯಾಗುತ್ತದೆ, ಆವಿ ಒತ್ತಿದರೆ ಕುಗ್ಗುತ್ತದೆ, ಪೆಡಲ್ ನೆಲಕ್ಕೆ ಹೋಗುತ್ತದೆ. ಕೈಪಿಡಿಯಲ್ಲಿ ಡಾಟ್-3 ಎಂದಿದ್ದರೂ ಡಾಟ್-4 ಹಾಕಿಸಬಹುದು. ಸಿಲಿಕೋನ್‌ನಿಂದ ಮಾಡಿದ ಡಾಟ್-5 ಮಾತ್ರ ಬೇಡ, ಅದು ಇವುಗಳೊಂದಿಗೆ ಬೆರೆಯುವುದಿಲ್ಲ. ಗ್ಯಾರೇಜಿನ ಕಪಾಟಿನಲ್ಲಿ ಅರ್ಧ ಉಳಿದ ಬಾಟಲಿಯನ್ನು ಒಪ್ಪಿಕೊಳ್ಳದೆ ಸೀಲ್ ಇರುವ ಚಿಕ್ಕ ಬಾಟಲಿಯನ್ನೇ ತೆಗೆದುಕೊಳ್ಳಿ, ಎರಡು ವರ್ಷಕ್ಕೊಮ್ಮೆ ನಾಲ್ಕೂ ಚಕ್ರಗಳಿಂದ ಹಳೆಯದನ್ನು ಪೂರ್ತಿ ಹೊರತೆಗೆಸಿ. ಮೇಲಿನ ಡಬ್ಬಿಗೆ ಒಂದಿಷ್ಟು ಸುರಿದು ಮಟ್ಟ ಸರಿ ಮಾಡಿದರೆ ಅದು ಬದಲಿಸಿದಂತಾಗುವುದಿಲ್ಲ.

ಕೂಲೆಂಟ್ ಬಗ್ಗೆ "ನಮ್ಮಲ್ಲಿ ಹಿಮ ಬೀಳುವುದಿಲ್ಲ, ನೀರೇ ಸಾಕು" ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ಸಕಲೇಶಪುರ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿರುವುದರಿಂದ ಅಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ರೇಡಿಯೇಟರ್ ಮುಚ್ಚಳದ ಒತ್ತಡ ಮತ್ತು ಕೂಲೆಂಟ್ ಒಳಗಿನ ಎಥಿಲೀನ್ ಗ್ಲೈಕಾಲ್ ಎರಡೂ ಸೇರಿ ಆ ಮಿತಿಯನ್ನು ಮೇಲಕ್ಕೆ ಎತ್ತುತ್ತವೆ. ಅದಕ್ಕಿಂತ ದೊಡ್ಡ ಕಾರಣ ತುಕ್ಕು. ಬೇರೆಬೇರೆ ಲೋಹಗಳು ಒಂದೇ ನೀರಿನಲ್ಲಿ ಮುಳುಗಿರುವ ಈ ವ್ಯವಸ್ಥೆಯನ್ನು ಕಾಯುವುದು ಕೂಲೆಂಟ್‌ನಲ್ಲಿರುವ ತುಕ್ಕುನಿರೋಧಕಗಳು. ಬೋರ್‌ವೆಲ್ ನೀರು ಹಾಕಿದರೆ ಅದರ ಗಡಸುತನ ರೇಡಿಯೇಟರ್‌ನ ಸಣ್ಣ ಕೊಳವೆಗಳಲ್ಲಿ ಸುಣ್ಣವಾಗಿ ಕಟ್ಟಿಕೊಳ್ಳುತ್ತದೆ, ಘಾಟಿ ಹತ್ತುವಾಗ ಟೆಂಪರೇಚರ್ ಮುಳ್ಳು ಮೇಲೇಳುವುದಕ್ಕೆ ಬಹಳ ಸಲ ಇದೇ ಕಾರಣ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನೊಂದಿಗೆ ಅರ್ಧಕ್ಕರ್ಧ ಬೆರೆಸಿ, ಅಥವಾ ಬೆರೆಸಿಯೇ ಮಾರುವ ಡಬ್ಬಿ ತನ್ನಿ. ಹಸಿರು, ಕೆಂಪು, ನೀಲಿ ಎಂಬ ಬಣ್ಣಗಳಿಗೆ ಎಲ್ಲ ಕಂಪನಿಗಳೂ ಒಪ್ಪಿದ ಅರ್ಥವಿಲ್ಲದ್ದರಿಂದ ಬಣ್ಣ ನೋಡಿ ಮೇಲಿಂದ ಸುರಿಯದೆ, ಒಮ್ಮೆ ಪೂರ್ತಿ ತೊಳೆಸಿ ಒಂದೇ ಬಗೆಯದನ್ನು ತುಂಬಿಸಿ.

ಪವರ್ ಸ್ಟಿಯರಿಂಗ್ ಇದ್ದರೆ ಅದರ ಡಬ್ಬಿಯ ಮುಚ್ಚಳದ ಮೇಲೆ ಬರೆದಿರುವುದನ್ನೇ ಹಾಕಿಸಿ, ಬ್ರೇಕ್ ಆಯಿಲ್ ಅದರ ಹತ್ತಿರ ಸುಳಿಯದಂತೆ ನೋಡಿಕೊಳ್ಳಿ.

ಗೇರ್ ಬಾಕ್ಸ್ ಮತ್ತು ಹಿಂದಿನ ಡಿಫರೆನ್ಷಿಯಲ್ ಎರಡಕ್ಕೂ ಒಂದೇ ಡಬ್ಬಿಯಿಂದ ಸುರಿಯುವ ಅಭ್ಯಾಸ ಅನೇಕ ಕಡೆ ಇದೆ, ಅದನ್ನು ತಡೆಯಿರಿ. ಡಿಫರೆನ್ಷಿಯಲ್‌ನ ಹೈಪಾಯ್ಡ್ ಗೇರ್ ಹಲ್ಲುಗಳು ಒಂದರ ಮೇಲೊಂದು ಭಾರಿ ಒತ್ತಡದಲ್ಲಿ ಜಾರುವುದರಿಂದ ಗಂಧಕ, ರಂಜಕದ ಸಂಯುಕ್ತಗಳು ಹೆಚ್ಚಿರುವ ಜಿಎಲ್-5 ವರ್ಗದ ಗೇರ್ ಆಯಿಲ್ ಅಲ್ಲಿ ಬೇಕು. ಗೇರ್ ಬಾಕ್ಸ್‌ನಲ್ಲಿರುವ ಹಿತ್ತಾಳೆಯ ಸಿಂಕ್ರೊನೈಸರ್ ರಿಂಗ್‌ಗಳು ಗೇರ್ ಬದಲಿಸುವಾಗ ಕಚ್ಚಿ ಹಿಡಿದು ವೇಗ ಹೊಂದಿಸಬೇಕಾದವು. ಕೈಪಿಡಿ ಜಿಎಲ್-4 ಎಂದಿರುವ ಗೇರ್ ಬಾಕ್ಸ್‌ಗೆ ಜಿಎಲ್-5 ಹಾಕಿದರೆ ಗೇರ್ ಬೀಳುವುದು ಒರಟಾಗುತ್ತದೆ, ಬಿಸಿಯಲ್ಲಿ ಆ ಸಂಯುಕ್ತಗಳು ಹಿತ್ತಾಳೆಯನ್ನು ತಿನ್ನಲೂಬಹುದು.

ಡಿಫರೆನ್ಷಿಯಲ್ ಕೆಲಸ ಮಾಡಿಸುವಾಗ ನೀವೇ ಪಕ್ಕದಲ್ಲಿರಿ. ಕೆಳಗಿನ ಡ್ರೈನ್ ಪ್ಲಗ್ ಬಿಚ್ಚುವ ಮೊದಲು ಆಯಿಲ್ ತುಂಬುವ ಮೇಲಿನ ಪ್ಲಗ್ ಬಿಚ್ಚಿಸಿ. ಹಳೆಯ ಗಾಡಿಯಲ್ಲಿ ಅದು ತುಕ್ಕು ಹಿಡಿದು ಕೂತಿದ್ದರೆ, ಕೆಳಗಿಂದ ಎಲ್ಲ ಆಯಿಲ್ ಹರಿದುಹೋದ ಮೇಲೆ ತುಂಬಲು ದಾರಿಯೇ ಇರುವುದಿಲ್ಲ. ಹೊರಬಂದ ಆಯಿಲ್ ಹಾಲು ಬೆರೆಸಿದ ಕಾಫಿಯಂತೆ ಕಂಡರೆ ಹಳ್ಳ ದಾಟುವಾಗ ನೀರು ಒಳಹೊಕ್ಕಿದೆ, ಆಕ್ಸಲ್ ಮೇಲಿನ ಬ್ರೀದರ್ (ಗಾಳಿಯಾಡುವ ಕಿಂಡಿ) ಕೆಸರಿನಿಂದ ಕಟ್ಟಿಕೊಂಡಿದೆಯೇ ಎಂದು ನೋಡಿಸಿ. ಡ್ರೈನ್ ಪ್ಲಗ್‌ಗೆ ಆಯಸ್ಕಾಂತವಿದ್ದು ಅದರ ತುದಿಯಲ್ಲಿ ನುಣ್ಣನೆಯ ಬೂದುಬಣ್ಣದ ಪೇಸ್ಟ್ ಅಂಟಿದ್ದರೆ ಸಹಜ ಸವೆತ. ಬೆರಳಿಗೆ ಚುಚ್ಚುವ ಚೂರುಗಳು ಸಿಕ್ಕರೆ ಹೊಸ ಆಯಿಲ್ ಹಾಕಿ ಮುಚ್ಚಿಸಬೇಡಿ, ಕ್ರೌನ್ ವೀಲ್ ಮತ್ತು ಬೇರಿಂಗ್ ನೋಡಿಸಿ. ಎಲ್ಲ ಸರಿಯಿದ್ದರೆ ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಮೇಲಿನ ತೂತಿನ ಕೆಳ ಅಂಚಿನಿಂದ ಹೊಸ ಆಯಿಲ್ ಹೊರಗೆ ಜಿನುಗುವವರೆಗೆ ತುಂಬಿಸಿ ಪ್ಲಗ್ ಬಿಗಿಸಿದರಾಯಿತು. ಈ ಮಳೆಗಾಲ ಮುಗಿದ ಮೇಲೆ ಅದೇ ತೂತಿನಲ್ಲಿ ಬೆರಳಾಡಿಸಿ ಬಣ್ಣ ನೋಡಿ. ಮತ್ತೆ ಬೆಳ್ಳಗಾಗಿದ್ದರೆ ಬ್ರೀದರ್ ಅಥವಾ ಆಕ್ಸಲ್ ಸೀಲ್ ಬದಲಿಸಲೇಬೇಕು.