ಮನೆ ತುಂಬ ಸ್ಮಾರ್ಟ್ ಲೈಟ್ ಹಾಕಿಸಿದರೆ ದುಡ್ಡು ವಾಪಸ್ ಬರುತ್ತಾ?

ಪ್ರಶ್ನೆ: ದಾವಣಗೆರೆಯಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಗೋಡೆಯೊಳಗೆ ಪೈಪ್ ಹಾಕಿಯಾಗಿದೆ, ಇನ್ನು ವೈರ್ ಎಳೆಯಬೇಕು. 24 ಕಡೆ ಸ್ಮಾರ್ಟ್ ಬಲ್ಬ್ ಹಾಕಿಸಿ, ಬಿಲ್ ಇಳಿಯುತ್ತದೆ, ಹಾಕಿದ ದುಡ್ಡು ಅದರಲ್ಲೇ ಬರುತ್ತದೆ ಎನ್ನುತ್ತಾರೆ ಅಂಗಡಿಯವರು. ಅತ್ತೆ ಮಾವ ನಮ್ಮ ಜೊತೆಗಿದ್ದಾರೆ. ಮಾವ ರಾತ್ರಿ ಎರಡು ಮೂರು ಸಲ ಬಾತ್‌ರೂಮಿಗೆ ಏಳುತ್ತಾರೆ. ಹಾಕಿಸಬಹುದಾ ಸಾರ್?

ಉತ್ತರ: ಬಿಲ್ ಉಳಿಯುತ್ತದೆ ಅಂತಾದರೆ ಖಂಡಿತ ಬೇಡ. ಲೆಕ್ಕ ಹಾಕಿ ನೋಡಿ. 9 ವ್ಯಾಟ್‌ನ ಎಲ್‌ಇಡಿ ಬಲ್ಬ್ ದಿನಕ್ಕೆ 5 ಗಂಟೆ ಉರಿದರೆ ವರ್ಷಕ್ಕೆ 16 ಯೂನಿಟ್ ಚಿಲ್ಲರೆ. ಯೂನಿಟ್ಟಿಗೆ 6 ರೂಪಾಯಿ ಎಂದರೂ ನೂರು ರೂಪಾಯಿ ದಾಟುವುದಿಲ್ಲ. ಹಳೇ 60 ವ್ಯಾಟ್ ಬಲ್ಬ್ ಬಿಟ್ಟು ಎಲ್‌ಇಡಿಗೆ ಬಂದಾಗಲೇ ದೊಡ್ಡ ಉಳಿತಾಯ ಆಗಿಹೋಗಿದೆ. ಈಗ ಉಳಿಸಲು ಅಲ್ಲಿ ಏನೂ ಮಿಕ್ಕಿಲ್ಲ.

ಆರಿಸಲು ಮರೆತ ಲೈಟು ತಾನೇ ಆರುತ್ತದಲ್ವಾ ಎನ್ನಬಹುದು. ಸರಿ, ಅದರಿಂದ ದಿನಕ್ಕೆ ಒಂದು ಗಂಟೆ ಉಳಿಯಿತು ಎನ್ನೋಣ. ವರ್ಷಕ್ಕೆ 3 ಯೂನಿಟ್ ಚಿಲ್ಲರೆ ಆಯಿತು. ಆದರೆ ಸ್ಮಾರ್ಟ್ ಬಲ್ಬ್ ಆರಿದ್ದಾಗಲೂ ಫೋನಿನ ಆಜ್ಞೆಗೆ ಕಾಯುತ್ತಾ ಅರ್ಧ ವ್ಯಾಟ್‌ನಷ್ಟು ಎಳೆಯುತ್ತಿರುತ್ತದೆ. ದಿನಕ್ಕೆ 19 ಗಂಟೆ ಹೀಗೆ ಕಾದರೆ ಅದೂ ವರ್ಷಕ್ಕೆ 3 ಯೂನಿಟ್ ಚಿಲ್ಲರೆಯೇ. ಈ ಕೈಯಲ್ಲಿ ಉಳಿಸಿದ್ದು ಆ ಕೈಯಲ್ಲಿ ಹೋಯಿತು. ಗೃಹಜ್ಯೋತಿಯ ಮಿತಿಯೊಳಗಿರುವ ಮನೆಯಾದರೆ ಉಳಿಸಿದ ಯೂನಿಟ್ಟಿಗೆ ರೂಪಾಯಿಯೂ ಇಲ್ಲ.

ಬಿಲ್ ಇಳಿಸುವ ಆಸೆಯಿದ್ದರೆ ತಲೆ ಎತ್ತಿ ಫ್ಯಾನ್ ನೋಡಿ. ಸಾಮಾನ್ಯ ಸೀಲಿಂಗ್ ಫ್ಯಾನ್ 75 ವ್ಯಾಟ್ ಆಸುಪಾಸು ಎಳೆಯುತ್ತದೆ, ಕಡಿಮೆ ಕರೆಂಟ್ ಎಳೆಯುವ ಮೋಟರಿನ ಬಿಎಲ್‌ಡಿಸಿ ಫ್ಯಾನ್ 30ರ ಆಸುಪಾಸು. ದಾವಣಗೆರೆ ಸೆಕೆಗೆ ದಿನಕ್ಕೆ 12 ಗಂಟೆ ತಿರುಗುವ ಒಂದೇ ಫ್ಯಾನಿನಲ್ಲಿ ವರ್ಷಕ್ಕೆ ಸುಮಾರು 200 ಯೂನಿಟ್ ವ್ಯತ್ಯಾಸ. ಬಲ್ಬಿಗೆ ಎತ್ತಿಟ್ಟ ದುಡ್ಡನ್ನು ಇದಕ್ಕೆ ಹಾಕಿ.

ಇನ್ನು ಮನೆಯಲ್ಲಿ ಏನಾಗುತ್ತದೆ ಅಂತ ಹೇಳುತ್ತೇನೆ. ಮಲಗುವ ಮುಂಚೆ ಅತ್ತೆ ಅಭ್ಯಾಸದಂತೆ ಗೋಡೆಯ ಸ್ವಿಚ್ ಆರಿಸುತ್ತಾರೆ. ತಪ್ಪೇನಿಲ್ಲ, ಲೈಟ್ ಆರಿಸುವುದೇ ಹಾಗೆ. ಆದರೆ ಸ್ವಿಚ್ ಆಫ್ ಆದ ಕೂಡಲೇ ಸ್ಮಾರ್ಟ್ ಬಲ್ಬ್‌ಗೆ ಕರೆಂಟೇ ಇಲ್ಲ. ಫೋನಿನಲ್ಲಿ ಒತ್ತಿದರೆ ‘ಆಫ್‌ಲೈನ್’ ಎಂದು ತೋರಿಸುತ್ತದೆ. ಇನ್ನೊಂದು ತಾಪತ್ರಯ: ಗೋಡೆಯ ಸ್ವಿಚ್ ಆನ್ ಇಟ್ಟು ಫೋನಿನಲ್ಲಿ ಆರಿಸಿ ಮಲಗಿದ್ದೀರಿ ಎನ್ನೋಣ. ರಾತ್ರಿ ಎರಡು ಗಂಟೆಗೆ ಕರೆಂಟ್ ಹೋಗಿ ಬಂದರೆ, ಇಂಥ ಎಷ್ಟೋ ಬಲ್ಬುಗಳು ತಾವಾಗಿ ಪೂರ್ತಿ ಬಿಳಿ ಬೆಳಕಲ್ಲಿ ಹತ್ತಿಕೊಳ್ಳುತ್ತವೆ. ಮಲಗಿದ ಮಗು ಎದ್ದು ಕೂರುತ್ತದೆ. ಕರೆಂಟ್ ಬಂದಾಗ ಹಿಂದಿನ ಸ್ಥಿತಿಯಲ್ಲೇ ಇರಲಿ ಎಂಬ ಸೆಟ್ಟಿಂಗ್ ಕೆಲವು ಆ್ಯಪ್‌ಗಳಲ್ಲಿದೆ, ಎಲ್ಲದರಲ್ಲೂ ಇಲ್ಲ.

ಕಂಪನಿಯ ಸರ್ವರ್ ಮೇಲೆ ನಿಂತ ಲೈಟು ಬೇರೆಯವರ ಕೈಯಲ್ಲಿರುವ ಲೈಟು. ಸ್ಮಾರ್ಟ್ ಲೈಟ್, ಸ್ವಿಚ್ ಮಾರುತ್ತಿದ್ದ ಅಮೆರಿಕದ ಇನ್‌ಸ್ಟಿಯಾನ್ ಕಂಪನಿಯ ಸರ್ವರ್ 2022ರ ಏಪ್ರಿಲ್‌ನಲ್ಲಿ ಸುಳಿವೇ ಕೊಡದೆ ನಿಂತಿತು, ಗ್ರಾಹಕರ ಆ್ಯಪ್‌ಗಳು ಕೆಲಸ ಬಿಟ್ಟವು. ಅದಕ್ಕೇ ಹೇಳುವುದು, ಗೋಡೆಯ ಸ್ವಿಚ್ ಒತ್ತಿದರೆ ಲೈಟ್ ಹತ್ತಲೇಬೇಕು. ವಯಸ್ಸಾದವರಿರುವ ಮನೆಯಲ್ಲಂತೂ ಇದರಲ್ಲಿ ರಾಜಿ ಬೇಡ.

ನಿಮ್ಮ ಮಾವನವರ ವಿಷಯ ಮಾತ್ರ ನಿಜವಾದ ಅಗತ್ಯ. ಅದಕ್ಕೆ ವೈ-ಫೈ ಬೇಡ, ಆ್ಯಪ್ ಬೇಡ. ಮಂಚದಿಂದ ಬಾತ್‌ರೂಮಿನವರೆಗಿನ ದಾರಿಯಲ್ಲಿ ಕಡಿಮೆ ವ್ಯಾಟ್‌ನ ಮೋಷನ್ ಸೆನ್ಸರ್ ಲೈಟ್ ಹಾಕಿಸಿ. ಮೈಶಾಖ ಹಿಡಿಯುವ ಪಿಐಆರ್ ಸೆನ್ಸರ್ ಇರುವುದನ್ನೇ ಕೇಳಿ. ಮೈಕ್ರೋವೇವ್ ಸೆನ್ಸರ್ ತೆಳು ಬಾಗಿಲ ಆಚೆಯ ಓಡಾಟಕ್ಕೂ ಹತ್ತಿಕೊಳ್ಳುತ್ತದೆ. ಅವರು ಕಾಲು ಕೆಳಗಿಟ್ಟ ಕೂಡಲೇ ಹತ್ತುವ ಹಾಗೆ ಜಾಗ ನೋಡಿ ಕೂರಿಸಿ, ಬೆಳಕು ಹಳದಿಯದಿರಲಿ. ಬೆಡ್‌ರೂಮಿಗೂ ಮೆಟ್ಟಿಲಿಗೂ ಒಂದೇ ಲೈಟನ್ನು ಎರಡು ಕಡೆಯಿಂದ ಹಾಕಿ ಆರಿಸುವ ಟು-ವೇ ಸ್ವಿಚ್ ಕೊಡಿಸಿ. ಮಂಚದ ಪಕ್ಕದಿಂದಲೇ ಲೈಟ್ ಆರಿಸುವ ಸುಖ ಅಷ್ಟಕ್ಕೇ ಸಿಗುತ್ತದೆ.

ಒಂದು ಕೆಲಸವನ್ನು ಮಾತ್ರ ಈಗಲೇ ಮಾಡಿಸಿ, ವೈರ್ ಎಳೆದು ಪೇಂಟ್ ಆದಮೇಲೆ ಕಷ್ಟ. ಪ್ರತಿ ಸ್ವಿಚ್ ಬೋರ್ಡಿಗೂ ನ್ಯೂಟ್ರಲ್ ವೈರ್, ಅಂದರೆ ಕರೆಂಟ್ ವಾಪಸ್ ಹೋಗುವ ವೈರ್, ತರಲು ಎಲೆಕ್ಟ್ರಿಷಿಯನ್‌ಗೆ ಹೇಳಿ. ಪ್ಲಗ್ ಇರುವ ಬೋರ್ಡಿಗೆ ಅದು ಹೇಗೂ ಬರುತ್ತದೆ. ಬರೀ ಸ್ವಿಚ್ ಇರುವ ಬೋರ್ಡಿಗೆ ಸಾಮಾನ್ಯವಾಗಿ ಕರೆಂಟ್ ತರುವ ಫೇಸ್ ವೈರ್ ಅಷ್ಟೇ ತಂದು ಬಿಟ್ಟುಬಿಡುತ್ತಾರೆ. ಬೋರ್ಡಿನ ಹಿಂದೆ ಕೂರಿಸುವ ಹೆಚ್ಚಿನ ಸ್ಮಾರ್ಟ್ ಮಾಡ್ಯೂಲ್‌ಗಳಿಗೆ ನ್ಯೂಟ್ರಲ್ ಬೇಕೇ ಬೇಕು. ಅವನ್ನು ಹಾಕಿಸಿದರೆ ಗೋಡೆಯ ಸ್ವಿಚ್ಚೂ ಕೆಲಸ ಮಾಡುತ್ತದೆ, ಫೋನೂ ಮಾಡುತ್ತದೆ. ಮುಂದೆ ಯಾವತ್ತಾದರೂ ಬೇಕೆನಿಸಿದರೆ ಗೋಡೆ ಒಡೆಯದೆ ಹಾಕಿಸಬಹುದು.

ಪ್ರಶ್ನೆ: ಬೆಂಗಳೂರಿನಲ್ಲಿ ಬಾಡಿಗೆ ಮನೆ. ಓದುವ ಟೇಬಲ್ ಹತ್ತಿರ ಹಾಕೋಣ ಅಂತ ಒಂದೇ ಒಂದು ಸ್ಮಾರ್ಟ್ ಬಲ್ಬ್ ತಂದೆ. ಎಷ್ಟು ಸಲ ಪ್ರಯತ್ನಿಸಿದರೂ ವೈ-ಫೈಗೆ ಸೇರುತ್ತಿಲ್ಲ. ಹಾಳಾಗಿದೆಯಾ?

ಉತ್ತರ: ಬಲ್ಬ್ ಸರಿಯಾಗೇ ಇರಬಹುದು. ವೈ-ಫೈ ಬಲ್ಬುಗಳು ಹೆಚ್ಚಾಗಿ 2.4 ಗಿಗಾಹರ್ಟ್ಜ್ ಎಂಬ ವೈ-ಫೈ ಬ್ಯಾಂಡಿನಲ್ಲಿ ಮಾತ್ರ ಕೆಲಸ ಮಾಡುತ್ತವೆ. ನಿಮ್ಮ ರೌಟರ್ 2.4 ಮತ್ತು 5 ಎರಡನ್ನೂ ಒಂದೇ ಹೆಸರಲ್ಲಿ ಬಿಡುತ್ತಿದ್ದರೆ, ರೌಟರ್ ಸೆಟ್ಟಿಂಗ್‌ಗೆ ಹೋಗಿ ಎರಡಕ್ಕೂ ಬೇರೆ ಹೆಸರು ಕೊಡಿ. ಫೋನನ್ನು 2.4ಕ್ಕೆ ಸೇರಿಸಿಕೊಂಡು ಮತ್ತೆ ಪ್ರಯತ್ನಿಸಿ. ಒಂದು ಬಲ್ಬ್ ತಂದದ್ದು ಒಳ್ಳೆಯದೇ ಆಯಿತು. ಓದುವಾಗ ಬಿಳಿ ಬೆಳಕು, ಮಲಗುವ ಹೊತ್ತಿಗೆ ಮಂದ ಹಳದಿ, ಎರಡೂ ಒಂದೇ ಹೋಲ್ಡರ್‌ನಲ್ಲಿ ಸಿಗುತ್ತದೆ. ಮನೆ ಬಿಡುವಾಗ ಬಿಚ್ಚಿ ಜೊತೆಗೇ ಒಯ್ಯಬಹುದು. ಬಿಚ್ಚಿದ ಜಾಗಕ್ಕೆ ಮಾಲೀಕರ ಹಳೇ ಬಲ್ಬ್ ಹಾಕುವುದನ್ನು ಮಾತ್ರ ಮರೆಯಬೇಡಿ.